ಹಿಮದ ದಾರಿಗೆ ಯಾವ ಕಾರು?

"ಅಕ್ಕ, ಒಂದೇ ಮಾತಲ್ಲಿ ಹೇಳಿಬಿಡಿ. ಆಲ್‌ವೀಲ್ ಡ್ರೈವ್ ತಗೊಳ್ಲಾ, ಬೇಡ್ವಾ?"

ಕೇಳಿದವನು ಡಲ್ಲಾಸ್ ಬಿಟ್ಟು ಆ ಬೇಸಿಗೆಯಲ್ಲಷ್ಟೇ ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್‌ಗೆ ಬಂದ ತರುಣ. ಊರು ತುಮಕೂರು. ಕೆಲಸ ಯೂನಿವರ್ಸಿಟಿ ಹಿಲ್ ದಿಬ್ಬದ ಮೇಲಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ, ಬೆಳಗ್ಗೆ ಏಳಕ್ಕೆ ಪಾಳಿ ಶುರು. ಮನೆ ಇರುವುದು ಉತ್ತರದ ಸಿಸೆರೊದಲ್ಲಿ. ನಡುವಿನ ದಾರಿ ಬಹುಪಾಲು ಐ-81 ಹೆದ್ದಾರಿ. ಸದ್ಯಕ್ಕೆ ಅವನ ಬಳಿ ಇರುವುದು ಮುಂದಿನ ಎರಡು ಚಕ್ರಕ್ಕೆ ಮಾತ್ರ ಎಂಜಿನ್ ಬಲ ಹೋಗುವ ಸಾಧಾರಣ ಸೆಡಾನ್. ಉತ್ತರ ಹೇಳಬೇಕಾದವರು ತೀರ್ಥಹಳ್ಳಿ ಕಡೆಯವರು, ಮೆಕ್ಯಾನಿಕಲ್ ಎಂಜಿನಿಯರ್, ಇದೇ ಊರಿನಲ್ಲಿ ಮಕ್ಕಳನ್ನು ಬೆಳೆಸಿ ಕಾಲೇಜಿಗೆ ಕಳಿಸಿದವರು. ಅಕ್ಟೋಬರ್ ಕೊನೆಯ ಒಂದು ಭಾನುವಾರ ಗ್ಯಾರೇಜಿನಲ್ಲಿ ಜಾಕ್ ಹಾಕಿ ತಮ್ಮ ಕಾರಿನ ಟೈರು ಬದಲಿಸುತ್ತಿದ್ದರು.

"ಒಂದೇ ಮಾತಲ್ಲಿ ಆಗಲ್ಲ ಮಾರಾಯ. ಮೊದಲು ನೀನು ಎಷ್ಟು ಹೊತ್ತಿಗೆ ಮನೆ ಬಿಡ್ತೀಯ ಹೇಳು."

"ಆರು, ಆರೂಕಾಲು."

"ನಿಮ್ಮ ಅಪಾರ್ಟ್‌ಮೆಂಟಿನ ಒಳರಸ್ತೆಗೆ ಹಿಮ ಬಳಿಯೋ ಸ್ನೋ ಪ್ಲೌ ಎಷ್ಟು ಹೊತ್ತಿಗೆ ಬರುತ್ತೆ?"

ಅವನಿಗೆ ಗೊತ್ತಿರಲಿಲ್ಲ. ಅಲ್ಲಿ ಅವನಿಗಿದು ಮೊದಲ ಚಳಿಗಾಲ. ಕಾರು ಕೊಳ್ಳುವ ಹೆಚ್ಚಿನವರು ಕಂಪನಿಯ ಬ್ರೋಷರ್ ಹಿಡಿದು ಮಾತು ಶುರುಮಾಡುತ್ತಾರೆ. ಈಕೆ ಶುರುಮಾಡಿದ್ದು ಗಡಿಯಾರದಿಂದ. ಹಿಮದೂರಿನಲ್ಲಿ ಕೆಲಸಕ್ಕೆ ಹೋಗುವವನಿಗೆ ಅದೇ ಸರಿಯಾದ ಆರಂಭ. ಎಂಟೂವರೆಗೆ ಹೊರಡುವವನು ಹಿಮ ಬಳಿದು ಉಪ್ಪು ಹಾಕಿದ ರಸ್ತೆಯಲ್ಲಿ ಹೋಗುತ್ತಾನೆ. ಆರಕ್ಕೆ ಹೊರಡುವವನಿಗೆ ಸಿಗುವುದು ರಾತ್ರಿ ಬಿದ್ದದ್ದು ಬಿದ್ದ ಹಾಗೇ ಇರುವ ರಸ್ತೆ.

ಅಲ್ಲಿ ಬೀಳುವುದೂ ಸಾಮಾನ್ಯ ಹಿಮವಲ್ಲ. ಸಿರಾಕ್ಯೂಸ್‌ನ ಸರಾಸರಿ ಹಿಮಪಾತ ಒಂದು ಚಳಿಗಾಲಕ್ಕೆ ಮೂರು ಮೀಟರ್ ದಾಟುತ್ತದೆ. ಅಮೆರಿಕದ ದೊಡ್ಡ ಊರುಗಳಲ್ಲಿ ಇಷ್ಟು ಹಿಮ ಕಾಣುವಂಥವು ಬೆರಳೆಣಿಕೆಯಷ್ಟು. ಕಾರಣ ಒಂಟಾರಿಯೊ ಸರೋವರ. ಕೆನಡಾ ಕಡೆಯಿಂದ ಬರುವ ಕೊರೆಯುವ ಒಣಗಾಳಿ ಇನ್ನೂ ಬೆಚ್ಚಗಿರುವ ನೀರಿನ ಮೇಲೆ ಹಾಯುತ್ತಾ ತೇವ ಹೀರಿಕೊಳ್ಳುತ್ತದೆ, ದಡ ದಾಟಿದ ಮೇಲೆ ಅದನ್ನೆಲ್ಲ ಹಿಮವಾಗಿ ಸುರಿದುಬಿಡುತ್ತದೆ. ಇದೇ ರಾಜ್ಯದ ಬಫಲೋ ನಗರದ ಪಕ್ಕದ ಈರಿ ಸರೋವರದ ಅತಿ ಹೆಚ್ಚಿನ ಆಳ 64 ಮೀಟರ್ ಅಷ್ಟೇ. ಎಷ್ಟೋ ವರ್ಷ ಅದು ಚಳಿಗಾಲದ ನಡುವಿಗೆ ಹೆಪ್ಪುಗಟ್ಟಿ, ಅಲ್ಲಿಂದ ಮುಂದೆ ಹಿಮವೂ ತಗ್ಗುತ್ತದೆ. ಒಂಟಾರಿಯೊದ ಆಳ 244 ಮೀಟರ್. ಅದು ಪೂರ್ತಿ ಹೆಪ್ಪುಗಟ್ಟುವುದು ತೀರಾ ಅಪರೂಪ, ಹಾಗಾಗಿ ಫೆಬ್ರವರಿ ಮುಗಿಯುತ್ತಾ ಬಂದರೂ ಸಿರಾಕ್ಯೂಸ್‌ಗೆ ಬಿಡುವಿಲ್ಲ. 2007ರ ಫೆಬ್ರವರಿಯಲ್ಲಿ ಸರೋವರದ ಪೂರ್ವಕ್ಕಿರುವ ಟಗ್ ಹಿಲ್ ಪ್ರಸ್ಥಭೂಮಿಯ ರೆಡ್‌ಫೀಲ್ಡ್ ಎಂಬ ಹಳ್ಳಿಯಲ್ಲಿ ಸುಮಾರು ಹತ್ತು ದಿನಗಳ ಒಂದೇ ಹೊಡೆತಕ್ಕೆ 141 ಇಂಚು, ಅಂದರೆ ಮೂರೂವರೆ ಮೀಟರಿಗೂ ಹೆಚ್ಚು ಹಿಮ ಬಿತ್ತು.

ಸರೋವರದ ಹಿಮಕ್ಕೆ ಇನ್ನೊಂದು ಗುಣವಿದೆ. ಅದು ಪಟ್ಟಿಪಟ್ಟಿಯಾಗಿ ಬೀಳುತ್ತದೆ. 2014ರ ನವೆಂಬರಿನಲ್ಲಿ ಬಫಲೋದ ದಕ್ಷಿಣದ ಬಡಾವಣೆಗಳಲ್ಲಿ ಐದು ಅಡಿಗೂ ಮಿಗಿಲಾದ ಹಿಮ ಪೇರಿಕೊಂಡಿತು. ಅದೇ ಊರಿನ ಉತ್ತರ ತುದಿಯಲ್ಲಿದ್ದದ್ದು ಕೆಲವೇ ಇಂಚು.

"ಅಂದ್ರೆ ಮನೆ ಹತ್ರ ಬಿಸಿಲಿರುತ್ತೆ, ಹೆದ್ದಾರಿಯಲ್ಲಿ ಹೋಗ್ತಾ ಹೋಗ್ತಾ ಏನೂ ಕಾಣದ ಹಾಗಾಗುತ್ತೆ," ಎಂದರು ಆಕೆ. "ಅದಕ್ಕೇ ನಿನಗೆ ಎಂಥ ಕಾರು ಬೇಕು ಅನ್ನೋದಕ್ಕಿಂತ ಮೊದಲು, ಆ ಕಾರು ಏನು ಮಾಡುತ್ತೆ, ಏನು ಮಾಡಲ್ಲ ಅನ್ನೋದು ಗೊತ್ತಿರಬೇಕು. ಇಲ್ಲಿ ಬಗ್ಗಿ ನೋಡು."

ಅವನು ಮಂಡಿಯೂರಿ ಕಾರಿನ ಅಡಿಗೆ ಟಾರ್ಚ್ ಬಿಟ್ಟ. ಮುಂದಿನಿಂದ ಹಿಂದಿನವರೆಗೆ ಉದ್ದಕ್ಕೆ ಒಂದು ಉಕ್ಕಿನ ಶಾಫ್ಟ್. ಹಿಂದಿನ ಚಕ್ರಗಳ ನಡುವೆ ಕುಂಬಳಕಾಯಿ ಗಾತ್ರದ ಡಿಫರೆನ್ಷಿಯಲ್, ಅದರಿಂದ ಎಡಕ್ಕೂ ಬಲಕ್ಕೂ ಒಂದೊಂದು ಆಕ್ಸಲ್. ಉಪ್ಪುನೀರು ತಾಗಿ ಬೋಲ್ಟುಗಳ ತಲೆಯೆಲ್ಲ ಕಂದಾಗಿತ್ತು.

"ನಮ್ಮೂರ ತೋಟದ ಜೀಪಲ್ಲೂ ಹೀಗೇ ಇರುತ್ತಲ್ವಾ? ಫೋರ್ ವೀಲ್ ಹಾಕೋದು ಅಂತಾರಲ್ಲ."

"ಅದು ಬೇರೆ ಕಣೋ. ಮಲೆನಾಡಿನ ಜೀಪಲ್ಲಿ ಲಿವರ್ ಎಳೆದ್ರೆ ಮುಂದಿನ ಶಾಫ್ಟು, ಹಿಂದಿನ ಶಾಫ್ಟು ಎರಡೂ ಒಂದಕ್ಕೊಂದು ಗಟ್ಟಿಯಾಗಿ ಕಚ್ಕೊಂಡು ಒಂದೇ ವೇಗದಲ್ಲಿ ತಿರುಗ್ತವೆ. ಕೆಸರಲ್ಲಿ ಅದೇ ಬೇಕು. ಆದ್ರೆ ತಿರುವಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಜಾಸ್ತಿ ದೂರ ಹೋಗಬೇಕಾಗುತ್ತೆ. ಕೆಸರಾದ್ರೆ ಚಕ್ರ ಜಾರಿ ಹೊಂದಿಕೊಳ್ಳುತ್ತೆ. ಟಾರ್ ರಸ್ತೆಯಲ್ಲಿ ಜಾರಕ್ಕಾಗಲ್ಲ, ಇಡೀ ಗಾಡಿ ಬಿಗಿಯುತ್ತೆ. ಅದಕ್ಕೇ ನಮ್ಮ ಡ್ರೈವರುಗಳು ತೋಟದಿಂದ ಟಾರಿಗೆ ಬಂದ ಕೂಡ್ಲೇ ಫೋರ್ ವೀಲ್ ತೆಗೀತಾರೆ. ಈ ಕಾರಲ್ಲಿ ಹಾಕೋದು ತೆಗೆಯೋದು ಏನೂ ಇಲ್ಲ. ಮುಂದಿನದಕ್ಕೂ ಹಿಂದಿನದಕ್ಕೂ ನಡುವೆ ಒಂದು ಕ್ಲಚ್ ಇರುತ್ತೆ. ಎಷ್ಟು ಬಿಗಿ ಹಿಡೀಬೇಕು ಅಂತ ಕಂಪ್ಯೂಟರೇ ನಿರ್ಧರಿಸುತ್ತೆ."

ಇಂದು ಕೆಲಸಕ್ಕೆ ಓಡಾಡುವ ಜನ ಕೊಳ್ಳುವ ಹೆಚ್ಚಿನ ಆಲ್‌ವೀಲ್ ಡ್ರೈವ್ ಕಾರುಗಳು ಹೀಗೆ ಕ್ಲಚ್ಚಿನ ಬಲದ ಮೇಲೆ ನಡೆಯುವಂಥವು. ಹೋಂಡಾ ಸಿಆರ್-ವಿಯಲ್ಲಿ ಮೂಲತಃ ಮುಂದಿನ ಚಕ್ರಗಳದ್ದೇ ಪಾರುಪತ್ಯ, ಜಾರುವ ಸೂಚನೆ ಸಿಕ್ಕಾಗ ಹಿಂದಿನವಕ್ಕೂ ಬಲ ಹೋಗುತ್ತದೆ. ಸುಬಾರುವಿನ ಕಾರುಗಳಲ್ಲಿ ಹಿಂದಿನ ಚಕ್ರಗಳು ಯಾವಾಗಲೂ ಒಂದಷ್ಟು ಪಾಲು ಹೊತ್ತಿರುತ್ತವೆ. ಟೊಯೊಟಾ ರಾವ್4 ಹೈಬ್ರಿಡ್‌ನಲ್ಲಿ ಶಾಫ್ಟೇ ಇಲ್ಲ, ಹಿಂದಿನ ಆಕ್ಸಲ್‌ಗೆ ಪ್ರತ್ಯೇಕ ವಿದ್ಯುತ್ ಮೋಟಾರ್. 2019ರಲ್ಲಿ ಅಮೆರಿಕಕ್ಕೆ ಬಂದ ಪ್ರಿಯಸ್‌ನ ಆಲ್‌ವೀಲ್ ಮಾದರಿಯಲ್ಲಿ ಆ ಹಿಂದಿನ ಮೋಟಾರ್ ಗಂಟೆಗೆ ಸುಮಾರು 70 ಕಿಲೋಮೀಟರ್ ವೇಗ ದಾಟಿದರೆ ಕೆಲಸ ನಿಲ್ಲಿಸುತ್ತಿತ್ತು. ನಿಂತಲ್ಲಿಂದ ಹೊರಡಿಸುವುದಷ್ಟೇ ಅದರ ಪಾಲಿನ ಕೆಲಸ. ಹಿಂಬಾಗಿಲ ಮೇಲೆ ಮಾತ್ರ ಎಲ್ಲದಕ್ಕೂ ಎಡಬ್ಲ್ಯೂಡಿ (AWD) ಎಂಬ ಅವೇ ಮೂರು ಅಕ್ಷರಗಳು. ಕೊಳ್ಳುವವರು ಡೀಲರ್ ಹತ್ತಿರ ಮೊದಲು ಬಿಡಿಸಿ ಕೇಳಬೇಕಾದ್ದು ಇದನ್ನೇ.

ಸುಬಾರು ಈ ದಾರಿಗೆ ಬಂದ ಕಥೆ ಇಲ್ಲಿ ನೆನೆಯುವಂಥದ್ದು. ಜಪಾನಿನ ಹಿಮ ಬೀಳುವ ತೊಹೊಕು ಪ್ರದೇಶದ ವಿದ್ಯುತ್ ಕಂಪನಿಗೆ ಬೆಟ್ಟದ ತಂತಿಗಳನ್ನು ನೋಡಿಕೊಳ್ಳಲು ಚಳಿಗಾಲದಲ್ಲೂ ಓಡುವ, ಜೀಪಿನಷ್ಟು ಒರಟಲ್ಲದ ವಾಹನ ಬೇಕಿತ್ತು. ಆ ಬೇಡಿಕೆಯಿಂದ ಶುರುವಾದ ಪ್ರಯೋಗವೇ 1972ರಲ್ಲಿ ಲಿಯೊನೆ ಎಂಬ, ನಾಲ್ಕೂ ಚಕ್ರಕ್ಕೆ ಬಲ ಹೋಗುವ ಎಸ್ಟೇಟ್ ಕಾರಾಗಿ ಮಾರುಕಟ್ಟೆಗೆ ಬಂತು. ರ‍್ಯಾಲಿ ಓಟದಲ್ಲಿ ಹೆಸರು ಮಾಡಿದ ಆಡಿ ಕ್ವಾಟ್ರೊ ಬಂದದ್ದು ಅದಾಗಿ ಎಂಟು ವರ್ಷಕ್ಕೆ, 1980ರಲ್ಲಿ. ಹಿಮದಲ್ಲಿ ಕೆಲಸಕ್ಕೆ ಹೋಗಲೇಬೇಕಾದವರ ಅಗತ್ಯವೇ ಈ ಯಂತ್ರದ ಮೂಲದಲ್ಲಿದೆ ಎಂಬುದು ಸಂತೋಷದ ಸಂಗತಿ.

"ಹಾಗಾದ್ರೆ ತಗೊಳ್ಳೋದೇ ಸರಿ ಅಲ್ವಾ ಅಕ್ಕ? ನಾಲ್ಕು ಚಕ್ರ ಎಳೆದ್ರೆ ಎರಡು ಚಕ್ರಕ್ಕಿಂತ ಗಟ್ಟಿ ತಾನೆ?"

"ಎಳೆಯೋಕೆ ಗಟ್ಟಿ. ನಿಲ್ಲಿಸೋಕೆ?"

ಅವನು ಸುಮ್ಮನಾದ.

"ಬ್ರೇಕ್ ಒತ್ತಿದಾಗ ನಿನ್ನ ಸೆಡಾನಿನ ಎಷ್ಟು ಚಕ್ರ ನಿಲ್ತವೆ?"

"ನಾಲ್ಕೂ."

"ನನ್ನ ಕಾರಿನದು?"

"ಅದೂ ನಾಲ್ಕೇ."

"ಅಲ್ಲಿಗೆ ಬ್ರೇಕ್ ವಿಷಯದಲ್ಲಿ ಎಲ್ಲ ಕಾರೂ ಮೊದಲಿಂದಲೇ ನಾಲ್ಕು ಚಕ್ರದ ಕಾರು. ಮಿಕ್ಕಿದ್ದನ್ನ ಲೆಕ್ಕ ಹಾಕೇ ತೋರಿಸ್ತೀನಿ."

ಗೋಡೆಗೆ ಒರಗಿಸಿದ್ದ ರಟ್ಟಿನ ಡಬ್ಬಿಯ ಮೇಲೆ ಮಾರ್ಕರ್‌ನಿಂದ ಅವರು ಬರೆಯತೊಡಗಿದರು. ಟೈರಿಗೂ ನೆಲಕ್ಕೂ ಇರುವ ಹಿಡಿತವನ್ನು ಎಂಜಿನಿಯರುಗಳು ಒಂದು ಸಂಖ್ಯೆಯಲ್ಲಿ ಹೇಳುತ್ತಾರೆ. ಒಣ ಡಾಂಬರಿನಲ್ಲಿ ಅದು 0.8ರ ಆಸುಪಾಸು. ಗಾಡಿಗಳು ಓಡಾಡಿ ಗಟ್ಟಿಯಾದ ಹಿಮದಲ್ಲಿ 0.2ರಿಂದ 0.3. ಮಂಜುಗಡ್ಡೆಯಲ್ಲಿ 0.1 ಅಥವಾ ಅದಕ್ಕೂ ಕಡಿಮೆ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಬ್ರೇಕ್ ಹಿಡಿದರೆ ಒಣ ರಸ್ತೆಯಲ್ಲಿ ಕಾರು ಸುಮಾರು 12 ಮೀಟರಿನಲ್ಲಿ ನಿಲ್ಲುತ್ತದೆ, ಮಂಜುಗಡ್ಡೆಯ ಮೇಲೆ ನಿಲ್ಲಲು ನೂರು ಮೀಟರ್ ಹತ್ತಿರ ಬೇಕು. ಕಾಲು ಬ್ರೇಕಿಗೆ ಹೋಗುವ ಮೊದಲು ಕಳೆದುಹೋಗುವ ಒಂದು ಸೆಕೆಂಡಿಗೆ ಇನ್ನೂ 14 ಮೀಟರ್ ಬೇರೆ.

"ಈಗ ಎರಡು ಕಾರು ಇಟ್ಕೋ. ಒಂದು ಆಲ್‌ವೀಲ್ ಡ್ರೈವ್, ಕಂಪನಿಯಿಂದ ಬಂದ ಆಲ್ ಸೀಸನ್ ಟೈರು, ಗಟ್ಟಿ ಹಿಮದಲ್ಲಿ ಹಿಡಿತ 0.2 ಅನ್ನು. ಇನ್ನೊಂದು ನಿನ್ನ ಸೆಡಾನ್, ಅದಕ್ಕೆ ವಿಂಟರ್ ಟೈರು, ಹಿಡಿತ 0.3 ಅನ್ನು. ಮೊದಲು ಏರು ಹತ್ತಿಸೋಣ. ಆಲ್‌ವೀಲ್ ಕಾರು ಇಡೀ ತೂಕ ಬಳಸಿಕೊಳ್ಳುತ್ತೆ, ನೂರಕ್ಕೆ 20ರ ಏರು ಹತ್ತಬಲ್ಲದು. ನಿನ್ನ ಸೆಡಾನಿನ ಮುಂದಿನ ಚಕ್ರದ ಮೇಲೆ ನೂರಕ್ಕೆ 60ರಷ್ಟು ತೂಕ ಇರುತ್ತೆ. 0.3ಕ್ಕೆ 0.6 ಗುಣಿಸು."

"0.18. ನೂರಕ್ಕೆ 18ರ ಏರು."

"ಏರಲ್ಲಿ ತೂಕ ಹಿಂದಕ್ಕೆ ವಾಲುತ್ತೆ, ಅದಕ್ಕಿಂತ ತುಸು ಕಡಿಮೆಯೇ ಹಿಡಿ. ಆದ್ರೂ ಹತ್ತಿರ ಹತ್ತಿರ ಬಂತಲ್ಲ. ಈಗ ಬ್ರೇಕ್ ಹಾಕು."

ಲೆಕ್ಕ ಮುಗಿದಾಗ ಡಬ್ಬಿಯ ಮೇಲಿದ್ದದ್ದು ಇಷ್ಟು: ಗಂಟೆಗೆ 50 ಕಿಲೋಮೀಟರಿನಿಂದ ವಿಂಟರ್ ಟೈರಿನ ಸೆಡಾನ್ 33 ಮೀಟರಿಗೆ ನಿಲ್ಲುತ್ತದೆ, ಆಲ್‌ವೀಲ್ ಕಾರಿಗೆ 49 ಮೀಟರ್ ಬೇಕು. ಸೆಡಾನ್ ನಿಂತ ಆ ಜಾಗವನ್ನು ಆಲ್‌ವೀಲ್ ಕಾರು ಇನ್ನೂ ಗಂಟೆಗೆ 29 ಕಿಲೋಮೀಟರ್ ವೇಗದಲ್ಲಿ ದಾಟುತ್ತಿರುತ್ತದೆ. ಮುಂದಿರುವುದು ಶಾಲಾ ಬಸ್ಸಾಗಿದ್ದರೆ, ಆಸ್ಪತ್ರೆ ಮುಂದೆ ರಸ್ತೆ ದಾಟುವ ರೋಗಿಯಾಗಿದ್ದರೆ, ಆ 29 ಕಿಲೋಮೀಟರಿನ ಅರ್ಥವೇನೆಂದು ಲ್ಯಾಬಿನಲ್ಲಿ ಕೆಲಸ ಮಾಡುವವನಿಗೆ ವಿವರಿಸಬೇಕಾಗಿರಲಿಲ್ಲ.

ಸಂಖ್ಯೆಗಳು ಟೈರಿನಿಂದ ಟೈರಿಗೆ, ಹಿಮದಿಂದ ಹಿಮಕ್ಕೆ ಬದಲಾಗುತ್ತವೆ. ಲೆಕ್ಕದ ಜಾಡು ಬದಲಾಗುವುದಿಲ್ಲ. ಆಲ್‌ವೀಲ್ ಡ್ರೈವ್ ಇರುವ ಹಿಡಿತವನ್ನು ಹೊರಡುವಾಗ ಪೂರ್ತಿ ಬಳಸಿಕೊಳ್ಳುತ್ತದೆ, ಹೊಸ ಹಿಡಿತವನ್ನು ಹುಟ್ಟಿಸುವುದಿಲ್ಲ. ಹುಟ್ಟಿಸುವುದು ಟೈರು ಮಾತ್ರ, ಅದು ಹೊರಡುವಾಗಲೂ ತಿರುಗುವಾಗಲೂ ನಿಲ್ಲುವಾಗಲೂ ಜೊತೆಗಿರುತ್ತದೆ. ಅಪಾಯ ಇರುವುದು ಹೊರಡುವ ಬಲಕ್ಕೂ ನಿಲ್ಲುವ ಬಲಕ್ಕೂ ನಡುವಿನ ಅಂತರದಲ್ಲೇ. ಸಲೀಸಾಗಿ ವೇಗ ಹಿಡಿಯುವ ಕಾರು ರಸ್ತೆ ಎಷ್ಟು ಜಾರುತ್ತಿದೆ ಎಂಬ ಸುಳಿವನ್ನು ಚಾಲಕನಿಗೆ ಕೊಡುವುದಿಲ್ಲ. ಸೆಡಾನಿನ ಚಕ್ರ ಸಿಗ್ನಲ್ ಬಿಟ್ಟ ಕೂಡಲೇ ಗಿರ್ರೆಂದು ತಿರುಗಿ ಎಚ್ಚರಿಸುತ್ತದೆ, ಆಲ್‌ವೀಲ್ ಕಾರಿನಲ್ಲಿ ಅದೇ ಸಂಗತಿ ತಿಳಿಯುವುದು ಬ್ರೇಕ್ ಒತ್ತಿದಾಗ.

"ಡಲ್ಲಾಸಲ್ಲಿ ನೋಡಿದೀನಿ," ಎಂದ ಅವನು ತುಸು ಹೊತ್ತಾದ ಮೇಲೆ. "ಪಕ್ಕದ ಫೋರ್ಟ್ ವರ್ತ್ ಅಪಘಾತದ ವರ್ಷ ನಾನು ಅಲ್ಲೇ ಇದ್ದೆ."

2021ರ ಫೆಬ್ರವರಿ 11ರ ಬೆಳಗಿನ ಜಾವ ಫೋರ್ಟ್ ವರ್ತ್‌ನ ಐ-35 ಡಬ್ಲ್ಯೂ ಹೆದ್ದಾರಿಯ ಎಕ್ಸ್‌ಪ್ರೆಸ್ ಪಥಗಳ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಮಂಜುಗಡ್ಡೆ ಕಟ್ಟಿತ್ತು. 130ಕ್ಕೂ ಹೆಚ್ಚು ವಾಹನಗಳು ಒಂದರ ಮೇಲೊಂದು ಹೋಗಿ ಅಪ್ಪಳಿಸಿದವು. ಆರು ಜನ ಸತ್ತರು. ಟೆಕ್ಸಾಸ್‌ನಲ್ಲಿ ನಾಲ್ಕು ಚಕ್ರದ ಎಳೆತದ ಪಿಕಪ್ಪುಗಳಿಗೆ ಕೊರತೆಯಿಲ್ಲ. ಮಂಜುಗಡ್ಡೆಗೆ ಅದು ಲೆಕ್ಕಕ್ಕೇ ಇಲ್ಲ.

ಆಕೆ ಎದ್ದು ಗ್ಯಾರೇಜಿನ ಮೂಲೆಯಿಂದ ವಿಂಟರ್ ಟೈರೊಂದನ್ನು ಉರುಳಿಸಿಕೊಂಡು ಬಂದರು. "ಕೈ ಇಟ್ಟು ನೋಡು." ಅವನು ಹೆಬ್ಬೆರಳಿನಿಂದ ಒತ್ತಿದ. ಚಳಿಯ ಗ್ಯಾರೇಜಿನಲ್ಲೂ ಅದರ ರಬ್ಬರ್ ಮೆತ್ತಗೆ ಒಳಗೆ ಹೋಯಿತು. ಒಂದೊಂದು ಗುಬ್ಬಿಯ ಮೇಲೂ ಬ್ಲೇಡಿನಲ್ಲಿ ಸೀಳಿದಂಥ ಅಂಕುಡೊಂಕು ಸೀಳುಗಳು, ಟೈರಿನ ತುಂಬ ಅವು ಸಾವಿರಾರು. ಕಾರಿನ ಭಾರ ಬಿದ್ದಾಗ ಆ ಸೀಳುಗಳು ಬಾಯಿ ಬಿಡುತ್ತವೆ, ಅವುಗಳ ಅಂಚು ಹಿಮವನ್ನು ಕಚ್ಚುತ್ತದೆ. ಆಳದ ಕಾಲುವೆಗಳು ಹಿಮವನ್ನು ಒಳಗೆ ತುಂಬಿಕೊಳ್ಳುತ್ತವೆ. ಹಿಮಕ್ಕೆ ಹಿಮ ಚೆನ್ನಾಗಿ ಅಂಟುವುದರಿಂದ ಆ ತುಂಬಿಕೊಂಡ ಹಿಮವೇ ಹಿಡಿತವಾಗುತ್ತದೆ. ಬೇಸಿಗೆಯ ಟೈರಿನ ರಬ್ಬರ್ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಡುಸಾಗತೊಡಗುತ್ತದೆ. ಆಲ್ ಸೀಸನ್ ಟೈರು ನಡುವಿನದು, ಡಲ್ಲಾಸಿನ ಸೆಕೆಗೂ ಬಾಳಬೇಕು, ಚಳಿಗೂ ಬಾಳಬೇಕು. ಈ ವಿದ್ಯೆ ಹಳೆಯದು. ಫಿನ್ಲೆಂಡಿನ ನೋಕಿಯಾ ಪಟ್ಟಣದ ರಬ್ಬರ್ ಕಾರ್ಖಾನೆ ಲಾರಿಗಳಿಗಾಗಿ ಮೊದಲ ಹಿಮದ ಟೈರು ಮಾಡಿದ್ದು 1934ರಲ್ಲಿ, ಕಾರುಗಳಿಗೆ ಮಾಡಿದ್ದು 1936ರಲ್ಲಿ.

"ಪಕ್ಕದಲ್ಲಿ ಈ ಗುರುತು ನೋಡು." ಟೈರಿನ ಬದಿಯಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೊಂದು ಹಿಮದ ಹರಳು. "ಇದಿದ್ರೆ ಗಟ್ಟಿ ಹಿಮದಲ್ಲಿ ಪರೀಕ್ಷೆ ಮಾಡಿ ಪಾಸಾಗಿದೆ ಅಂತ. ಎಂ ಪ್ಲಸ್ ಎಸ್ ಅಂತ ಬರೆದಿರೋದು ಕೆಸರು ಮತ್ತು ಸ್ನೋಗೆ ಅಂತ ಹೇಳ್ತಾರೆ, ಅದಕ್ಕೆ ಪರೀಕ್ಷೆಯೇ ಬೇಡ, ಗುಬ್ಬಿಗಳ ಆಕಾರ ನೋಡಿ ಕೊಟ್ಟ ಗುರುತು. ಈಗ ನಿನ್ನ ಟೈರು ನೋಡೋಣ, ಬಾ. ಕ್ವಾರ್ಟರ್ ಇದೆಯಾ?"

ಹೊರಗೆ ನಿಲ್ಲಿಸಿದ್ದ ಸೆಡಾನಿನ ಮುಂದಿನ ಟೈರಿನ ಕಾಲುವೆಯೊಳಗೆ ಅವನು 25 ಸೆಂಟಿನ ನಾಣ್ಯವನ್ನು ತಲೆಕೆಳಗಾಗಿ ಇಳಿಸಿದ. ವಾಷಿಂಗ್ಟನ್‌ರ ನೆತ್ತಿ ರಬ್ಬರಿನಲ್ಲಿ ಮುಚ್ಚಿಹೋಗಬೇಕಿತ್ತು. ನೆತ್ತಿ, ಕೂದಲು ಎಲ್ಲ ಕಾಣುತ್ತಿತ್ತು. ಅಂದರೆ ಉಳಿದ ಆಳ 3 ಮಿಲಿಮೀಟರಿನ ಸುಮಾರಿಗೆ ಬಂದಿದೆ ಅಥವಾ ಅದಕ್ಕೂ ಕೆಳಗಿದೆ. ಅಮೆರಿಕದ ಹೆಚ್ಚಿನ ರಾಜ್ಯಗಳ ಕಾನೂನು ಅದರ ಅರ್ಧದಷ್ಟು ಆಳಕ್ಕೂ ಒಪ್ಪುತ್ತದೆ. ಹಿಮ ಒಪ್ಪುವುದಿಲ್ಲ.

"ಎಳೆಯೋದು ಮುಂದಿನ ಚಕ್ರ ತಾನೆ ಅಕ್ಕ, ಮುಂದಕ್ಕೆ ಎರಡು ವಿಂಟರ್ ಟೈರು ಹಾಕಿಸಿದ್ರೆ ಸಾಲಲ್ವಾ?"

"ಬೇಡವೇ ಬೇಡ. ಮುಂದಿನದು ಹಿಡ್ಕೊಳ್ಳುತ್ತೆ, ಹಿಂದಿನದು ಜಾರುತ್ತೆ. ತಿರುವಲ್ಲಿ ಬ್ರೇಕ್ ಹಿಡಿದ್ಯೋ, ಕಾರು ಬುಗುರಿ ತಿರುಗಿದ ಹಾಗೆ ತಿರುಗಿಬಿಡುತ್ತೆ. ಹಾಕಿಸಿದ್ರೆ ನಾಲ್ಕೂ."

ಚಕ್ರದ ಎಳೆತಕ್ಕಿಂತ ಟೈರು ಮುಖ್ಯ ಎಂಬುದನ್ನು ರಸ್ತೆ ನಿಯಮ ಬರೆದವರೂ ಬೇರೆ ಬೇರೆ ರೀತಿಯಲ್ಲಿ ಒಪ್ಪಿಕೊಂಡಿದ್ದಾರೆ. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ವಿಂಟರ್ ಟೈರು ಕಡ್ಡಾಯ, ಕಾರು ಎಷ್ಟು ಚಕ್ರದಿಂದ ಓಡುತ್ತದೆ ಎಂದು ಯಾರೂ ಕೇಳುವುದಿಲ್ಲ. ಕ್ಯಾಲಿಫೋರ್ನಿಯಾದ ಸಿಯೆರಾ ಬೆಟ್ಟಗಳಲ್ಲಿ ಎರಡನೆಯ ಹಂತದ ಎಚ್ಚರಿಕೆ ಬಂದಾಗ ಎಲ್ಲ ವಾಹನಗಳೂ ಸರಪಳಿ ಕಟ್ಟಬೇಕು. ನಾಲ್ಕು ಚಕ್ರದ ಎಳೆತದ ವಾಹನಕ್ಕೆ ವಿನಾಯಿತಿ ಉಂಟು, ಆದರೆ ನಾಲ್ಕಕ್ಕೂ ಹಿಮದ ಟೈರು ಇದ್ದರೆ ಮಾತ್ರ. ಮೂರನೆಯ ಹಂತದಲ್ಲಿ ಯಾರಿಗೂ ವಿನಾಯಿತಿ ಇಲ್ಲ.

ಹಾಗಾದರೆ ಆಲ್‌ವೀಲ್ ಡ್ರೈವ್ ಬರೀ ಮಾರಾಟದ ಮಾತೇ? ತರುಣನಿಗೆ ಈಗ ಹಾಗೆ ಅನ್ನಿಸಿತ್ತು, ಅದನ್ನು ಬಾಯಿಬಿಟ್ಟು ಹೇಳಿಯೂಬಿಟ್ಟ. ಆಕೆ ಒಪ್ಪಲಿಲ್ಲ.

"ಹಾಗಲ್ಲ. ನಾನೇ ಯಾಕೆ ಇಟ್ಕೊಂಡಿದೀನಿ? ನಮ್ಮನೆ ಡ್ರೈವ್‌ವೇ ನೋಡು."

ಗ್ಯಾರೇಜಿನಿಂದ ರಸ್ತೆಗೆ ಕಡಿದಾದ ಇಳಿಜಾರು. ಮನೆ ಇರುವುದು ಊರಿನ ದಕ್ಷಿಣದ ಗುಡ್ಡಗಳ ಕಡೆ, ಲಫೇಯೆಟ್‌ಗೆ ಹೋಗುವ ದಾರಿಯಲ್ಲಿ. ಹಿಮ ಬಳಿಯುವ ಲಾರಿ ರಸ್ತೆಯನ್ನು ಸ್ವಚ್ಛ ಮಾಡುತ್ತಾ ಹೋಗುವಾಗ ಬಳಿದದ್ದನ್ನೆಲ್ಲ ಮನೆಮನೆಯ ಬಾಗಿಲಿಗೆ ದಿಂಡಾಗಿ ಒಟ್ಟಿ ಹೋಗುತ್ತದೆ. ಉಪ್ಪು ಬೆರೆತ ಆ ದಿಂಡು ತಾಸೊಪ್ಪತ್ತಿನಲ್ಲಿ ಕಲ್ಲಿನಂತಾಗುತ್ತದೆ. ಕೆಳಗೆ ನಿಂತ ಕಾರನ್ನು ಆ ದಿಂಡು ದಾಟಿಸಿ, ಇಳಿಜಾರು ಹತ್ತಿಸಿ ಗ್ಯಾರೇಜಿಗೆ ತರಬೇಕು. ಓಟ ತೆಗೆದು ನುಗ್ಗಲು ಜಾಗವಿಲ್ಲ, ನಿಂತ ನಿಲುವಿನಲ್ಲೇ ಹತ್ತಬೇಕು. ಅಲ್ಲಿ ನಾಲ್ಕು ಚಕ್ರದ ಎಳೆತಕ್ಕೆ ಬದಲಿಯೇ ಇಲ್ಲ. ವಿಂಟರ್ ಟೈರು ಹಾಕಿದ ಮುಂಚಕ್ರದ ಕಾರು ಎಡವುವ ಜಾಗ ಇದು. ಏರಿನ ಸಿಗ್ನಲ್‌ನಲ್ಲಿ ನಿಂತು ಹೊರಡುವುದೂ ಅಂಥದ್ದೇ ಇನ್ನೊಂದು.

"ಇನ್ನೊಂದು ಸಂಗತಿ, ಯಾರೂ ಮೊದಲು ಕೇಳಲ್ಲ," ಎಂದು ಆಕೆ ಕಾರಿನ ಹೊಟ್ಟೆಯ ಕೆಳಗೆ ಕೈ ಅಡ್ಡ ಹಿಡಿದು ತೋರಿಸಿದರು. "ನೆಲದಿಂದ ಎಷ್ಟು ಎತ್ತರ?"

ಸುಬಾರುವಿನ ಇಂಪ್ರೆಜಾ ಮತ್ತು ಕ್ರಾಸ್‌ಟ್ರೆಕ್ ಅಣ್ಣತಮ್ಮಂದಿರಂಥ ಕಾರುಗಳು, ಆಲ್‌ವೀಲ್ ವ್ಯವಸ್ಥೆಯೂ ಒಂದೇ ಬಗೆಯದು. ಇಂಪ್ರೆಜಾದ ಹೊಟ್ಟೆ ನೆಲದಿಂದ 5.1 ಇಂಚು ಮೇಲಿದೆ, ಕ್ರಾಸ್‌ಟ್ರೆಕ್‌ನದು 8.7 ಇಂಚು. ರಾತ್ರಿ ಏಳು ಇಂಚು ಹಿಮ ಬಿದ್ದ ಬೆಳಗ್ಗೆ ಒಂದು ಕಾರು ಹಿಮದ ಮೇಲೆ ಹೊಟ್ಟೆ ಊರಿ ನಿಲ್ಲುತ್ತದೆ. ನಾಲ್ಕು ಚಕ್ರವೂ ತಿರುಗುತ್ತವೆ, ಒಂದರ ಮೇಲೂ ಭಾರವಿಲ್ಲದೆ. ಇನ್ನೊಂದು ಅದೇ ಹಿಮದ ಮೇಲಿಂದ ಹಾದುಹೋಗುತ್ತದೆ. ಪ್ಲೌ ಬರುವ ಮೊದಲೇ ಹೊರಡುವ ನರ್ಸು, ಹಾಲಿನ ಲಾರಿಯವನು, ಲ್ಯಾಬಿನವನು ಮೂವರಿಗೂ ಈ ಮೂರೂವರೆ ಇಂಚು ಬಹಳ ದೊಡ್ಡದು. ಎಂಟಕ್ಕೆ ಹೊರಡುವ ಬ್ಯಾಂಕಿನವನಿಗೆ ಅದರ ಅಗತ್ಯವೇ ಬೀಳದಿರಬಹುದು.

ದುಡ್ಡಿನ ಮಾತೂ ಬಂತು. ಹೊಸ ಸಿಆರ್-ವಿ ಅಥವಾ ಕ್ಯಾಮ್ರಿಯಂಥ ಕಾರಿನಲ್ಲಿ ಆಲ್‌ವೀಲ್ ಡ್ರೈವ್‌ಗೆ ಸುಮಾರು 1,500 ಡಾಲರ್ ಹೆಚ್ಚು ಕೊಡಬೇಕು. ಇಂಧನದ ಹೊರೆ ಜನ ಹೆದರುವಷ್ಟಿಲ್ಲ. 2023ರ ಪೆಟ್ರೋಲ್ ಸಿಆರ್-ವಿ ಮುಂಚಕ್ರದ್ದಾದರೆ ಒಂದು ಗ್ಯಾಲನ್‌ಗೆ 30 ಮೈಲಿ, ಆಲ್‌ವೀಲ್ ಆದರೆ 29. ಹೈಬ್ರಿಡ್‌ನಲ್ಲಿ ಮಾತ್ರ ಅಂತರ ತುಸು ಹೆಚ್ಚು, 40 ಮತ್ತು 37. ನಿಜವಾದ ಖರ್ಚು ಎದುರಾಗುವುದು ಬೇರೆ ಕಡೆ.

"ಒಂದು ಟೈರಿಗೆ ಮೊಳೆ ಹೊಡೆದು ಹಾಳಾಯ್ತು ಅಂತಿಟ್ಕೋ. ನಿನ್ನ ಸೆಡಾನಿಗೆ ಒಂದು ಹೊಸದು ಹಾಕಿಸಿ ಕೈತೊಳ್ಕೋಬಹುದು. ನನ್ನದಕ್ಕೆ ಹಾಗೆ ಆಗಲ್ಲ. ಸುಬಾರುವಿನವರು ನಾಲ್ಕು ಟೈರಿನ ಸುತ್ತಳತೆ ಕಾಲು ಇಂಚಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು ಅಂತಾರೆ. ಒಂದು ದೊಡ್ಡದಾಗಿದ್ರೆ ಅದು ನಿಧಾನಕ್ಕೆ ತಿರುಗುತ್ತೆ, ಕ್ಲಚ್ ದಿನವೆಲ್ಲ ಆ ವ್ಯತ್ಯಾಸ ಸರಿದೂಗಿಸ್ತಾ ಬಿಸಿಯಾಗಿ ಸವೆಯುತ್ತೆ. ಎಷ್ಟೋ ಸಲ ಒಂದು ಹಾಳಾದ್ರೆ ನಾಲ್ಕೂ ಹೊಸದು ತರಬೇಕು. ಸೆಕೆಂಡ್ ಹ್ಯಾಂಡ್ ಆಲ್‌ವೀಲ್ ನೋಡೋಕೆ ಹೋದ್ರೆ ಮೊದಲು ನಾಲ್ಕು ಟೈರೂ ಒಂದೇ ಕಂಪನಿಯದಾ, ಒಂದೇ ಥರ ಸವೆದಿದಾವಾ ನೋಡು. ಆಮೇಲೆ ಕೆಳಗೆ ಮಲಗಿ ತುಕ್ಕು ನೋಡು. ಹಿಂದಿನ ಡಿಫರೆನ್ಷಿಯಲ್ ಎಣ್ಣೆ ಯಾವಾಗ ಬದಲಾಯಿಸಿದ್ರು ಕೇಳು. ಬಣ್ಣ, ಟಚ್‌ಸ್ಕ್ರೀನ್ ಕಡೇಲಿ."

ತುಕ್ಕಿನ ಮಾತು ಲಘುವಲ್ಲ. ರಸ್ತೆಗೆ ಎರಚುವ ಉಪ್ಪು ನೀರಾಗಿ ಕಾರಿನ ಅಡಿಯ ಸಂದುಗೊಂದುಗಳನ್ನೆಲ್ಲ ಹೊಗುತ್ತದೆ. ಬ್ರೇಕಿನ ಕೊಳವೆಗಳು, ಹಿಂದಿನ ಕಟ್ಟು, ಆಲ್‌ವೀಲ್ ಕಾರಾದರೆ ಶಾಫ್ಟು, ಆಕ್ಸಲ್ ಎಲ್ಲಕ್ಕೂ ಅದು ತಾಗುತ್ತದೆ. ಚಳಿಗಾಲದಲ್ಲಿ ಅಡಿಭಾಗ ತೊಳೆಯುವ ಕಾರ್ ವಾಶಿಗೆ ಆಗಾಗ ಹೋಗುವುದು, ಶರತ್ಕಾಲದಲ್ಲಿ ಅಡಿಗೆ ಎಣ್ಣೆಯಂಥ ಲೇಪ ಹೊಡೆಸುವುದು ಅಲ್ಲಿಯವರ ರೂಢಿ.

ವಿದ್ಯುತ್ ಕಾರಿನ ಬಗ್ಗೆಯೂ ಅವನು ಕೇಳಿದ. ಎರಡು ಮೋಟಾರಿನ ವಿದ್ಯುತ್ ಕಾರು ಹಿಮದಲ್ಲಿ ಚೆನ್ನಾಗಿ ನಡೆಯುತ್ತದೆ, ಮೋಟಾರಿನ ಬಲವನ್ನು ಕ್ಷಣಮಾತ್ರದಲ್ಲಿ ಹೆಚ್ಚುಕಡಿಮೆ ಮಾಡಬಹುದು. ಹಿಂಚಕ್ರಗಳಿಗೆ ಮಾತ್ರ ಬಲ ಹೋಗುವ ಮಾದರಿಯಲ್ಲಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದ ಕೂಡಲೇ ಮೋಟಾರು ಹಿಂದಿನ ಚಕ್ರಗಳನ್ನಷ್ಟೇ ಹಿಡಿದು ನಿಧಾನಿಸುತ್ತದೆ. ನುಣುಪು ರಸ್ತೆಯಲ್ಲಿ ಆ ಎಳೆತವನ್ನು ಕಡಿಮೆ ಮಾಡಿಟ್ಟುಕೊಳ್ಳಬೇಕು. ಚಳಿಗೆ ಒಂದು ಚಾರ್ಜಿನಲ್ಲಿ ಓಡುವ ದೂರವೂ ಕುಗ್ಗುತ್ತದೆ. ಮನೆಯಲ್ಲಿ ಚಾರ್ಜಿಂಗ್ ಇಲ್ಲದ ಅಪಾರ್ಟ್‌ಮೆಂಟಿನವನಿಗೆ ಆ ವರ್ಷದ ಮಟ್ಟಿಗೆ ಅದು ಆಗುವ ಮಾತಾಗಿರಲಿಲ್ಲ.

"ಅಕ್ಕ, ಏನೇ ಇದ್ರೂ ಹೋಗಲೇಬಾರದು ಅನ್ನೋ ದಿನ ಇರುತ್ತಾ?"

"ಇರುತ್ತೆ." ಅವರ ದನಿ ಗಂಭೀರವಾಯಿತು. "ಬಫಲೋದ 2022ರ ಕ್ರಿಸ್ಮಸ್ ನೆನಪಿಟ್ಕೋ."

ಆ ಡಿಸೆಂಬರ್ 23ರಿಂದ ಬೀಸಿದ ಹಿಮಬಿರುಗಾಳಿಗೆ ಬಫಲೋ ಮತ್ತು ಸುತ್ತಲಿನ ಈರಿ ಕೌಂಟಿಯಲ್ಲಿ 40ಕ್ಕೂ ಹೆಚ್ಚು ಜನ ಸತ್ತರು. ವಾಹನ ಸಂಚಾರವನ್ನೇ ನಿಷೇಧಿಸಲಾಗಿತ್ತು. ಆಂಬುಲೆನ್ಸುಗಳು, ಅಗ್ನಿಶಾಮಕ ಲಾರಿಗಳು, ಹಿಮ ಬಳಿಯುವ ಲಾರಿಗಳು ಕೂಡ ಹೂತು ನಿಂತವು. ಕಾರಿನಲ್ಲಿ ಸಿಕ್ಕಿಬಿದ್ದು ಸತ್ತವರೂ ಅವರಲ್ಲಿದ್ದರು. ಅಂಥ ದಿನ ಕಾರಿನ ಗುಣ ಪ್ರಶ್ನೆಯೇ ಅಲ್ಲ. ಮುಂದಿನ ಬಾನೆಟ್ ಕಾಣದ ಗಾಳಿಯಲ್ಲಿ ಯಾವ ಟೈರೂ ದಾರಿ ತೋರಿಸುವುದಿಲ್ಲ. ಹೊಗೆಕೊಳವೆಯ ಬಾಯಿ ಹಿಮದಲ್ಲಿ ಮುಚ್ಚಿಹೋದರೆ ಎಂಜಿನ್ ಚಾಲೂ ಇಟ್ಟ ಕಾರಿನೊಳಗೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ.

"ನೀನು ಆಸ್ಪತ್ರೆ ಕೆಲಸದವನು, ಎಲ್ಲರ ಹಾಗೆ ಮನೇಲಿ ಕೂರಕ್ಕಾಗಲ್ಲ. ಬಿರುಗಾಳಿ ಮುನ್ಸೂಚನೆ ಬಂತಾ, ಹಿಂದಿನ ರಾತ್ರಿಯೇ ಹೋಗಿ ಅಲ್ಲೇ ಮಲಗೋ ವ್ಯವಸ್ಥೆ ಇದೆಯಾ ಅಂತ ಈಗಲೇ ಕೇಳಿಟ್ಕೋ. ಡಿಕ್ಕಿಯಲ್ಲಿ ಕಂಬಳಿ, ಸಲಿಕೆ, ಟಾರ್ಚು, ಒಂದಷ್ಟು ತಿಂಡಿ ಇರ್ಲಿ. ಮೊದಲ ಸ್ನೋ ಬಿದ್ದ ಭಾನುವಾರ ಖಾಲಿ ಪಾರ್ಕಿಂಗ್ ಜಾಗಕ್ಕೆ ಹೋಗಿ ಬೇಕಂತಲೇ ಜೋರಾಗಿ ಬ್ರೇಕ್ ಒತ್ತು. ಪೆಡಲ್ ಕಾಲಡಿಯಲ್ಲಿ ದಡದಡ ಅಂತ ನಡುಗುತ್ತೆ. ಅದು ಚಕ್ರ ಕಚ್ಚಿಕೊಳ್ಳದ ಹಾಗೆ ಎಬಿಎಸ್ ಕೆಲಸ ಮಾಡ್ತಿರೋದು, ಹೆದರಿ ಕಾಲು ತೆಗೀಬೇಡ. ಆ ನಡುಕದ ಗುರುತು ಕಾಲಿಗೆ ಇರಬೇಕು."

ಅಷ್ಟು ಹೊತ್ತಿಗೆ ನಾಲ್ಕನೆಯ ಚಕ್ರವೂ ಕೂತಿತ್ತು. ಆಕೆ ಟಾರ್ಕ್ ವ್ರೆಂಚ್‌ನಿಂದ ನಟ್ಟುಗಳನ್ನು ಎದುರುಬದುರಾಗಿ ಒಂದೊಂದೇ ಬಿಗಿದರು. ಗಾಳಿಯ ಒತ್ತಡವನ್ನೂ ನೋಡಿದರು. ಉಷ್ಣಾಂಶ ಐದಾರು ಡಿಗ್ರಿ ಸೆಲ್ಸಿಯಸ್ ಇಳಿದರೆ ಟೈರಿನ ಒತ್ತಡ ಒಂದು ಪಿಎಸ್ಐ ಇಳಿಯುತ್ತದೆ. ಸೆಪ್ಟೆಂಬರಿನಲ್ಲಿ ಸರಿಯಿದ್ದದ್ದು ಜನವರಿಗೆ ಸರಿಯಿರುವುದಿಲ್ಲ.

"ಈಗ ನಿನ್ನ ವಿಷಯಕ್ಕೆ ಬರೋಣ," ಎಂದರು ಕೈ ಒರೆಸಿಕೊಳ್ಳುತ್ತಾ. "ಸಿಸೆರೊ ಸಪಾಟು. ನಿಮ್ಮ ಅಪಾರ್ಟ್‌ಮೆಂಟಿನವರೇ ಪಾರ್ಕಿಂಗ್ ಬಳೀತಾರೆ. ಹೆದ್ದಾರಿಗೆ ರಾತ್ರಿಯಿಡೀ ಪ್ಲೌ ಓಡ್ತಿರುತ್ತೆ. ಏರು ಅಂತ ಇರೋದು ಕೊನೆಯಲ್ಲಿ ಆಸ್ಪತ್ರೆ ದಿಬ್ಬ ಒಂದೇ, ಅಲ್ಲಿ ಆಂಬುಲೆನ್ಸ್ ಓಡಾಡೋದ್ರಿಂದ ಉಪ್ಪು ಬೇಗ ಹಾಕ್ತಾರೆ. ಈ ವರ್ಷ ಹೊಸ ಕಾರು ಬೇಡ. ಇದಕ್ಕೇ ನಾಲ್ಕು ಒಳ್ಳೆ ವಿಂಟರ್ ಟೈರು ಹಾಕಿಸು. ಸಾಧ್ಯವಾದ್ರೆ ಬೇರೆ ರಿಮ್ಮಿನ ಮೇಲೆ ಕೂರಿಸು, ಆಗ ವರ್ಷಕ್ಕೆ ಎರಡು ಸಲ ರಬ್ಬರ್ ಕಿತ್ತು ಹಾಕೋ ಕಾಟ ಇರಲ್ಲ."

"ಮುಂದೆ ಈ ಕಡೆ ಗುಡ್ಡದಲ್ಲಿ ಮನೆ ತಗೊಳ್ಳೋ ಯೋಚನೆ ಇದೆ. ಹೆಂಡತಿಗೂ ಇಲ್ಲೇ ಕೆಲಸ ಸಿಕ್ಕಿದೆ."

"ಮನೆ ತಗೊಂಡ ದಿನ ಆಲ್‌ವೀಲ್ ತಗೋ, ಬೇಡ ಅನ್ನಲ್ಲ. ಎಂಟು ಇಂಚಿಗೆ ಕಡಿಮೆ ಎತ್ತರದ್ದು ಬೇಡ. ಕ್ರಾಸ್‌ಟ್ರೆಕ್, ಫಾರೆಸ್ಟರ್, ಸಿಆರ್-ವಿ, ರಾವ್4 ಯಾವುದಾದ್ರೂ ಆಗುತ್ತೆ, ಓಡಿಸಿ ನೋಡಿ ನಿಮಗೆ ಕೂರೋಕೆ ಹಿತವಾಗಿರೋದು ತಗೊಳ್ಳಿ. ಟೈರಿನ ದುಡ್ಡನ್ನ ಕಾರಿನ ಬೆಲೆ ಜೊತೆಗೇ ಸೇರಿಸಿಟ್ಕೋ, ಆಮೇಲೆ ಹಾಕಿಸ್ತೀನಿ ಅಂದ್ರೆ ಆ ಚಳಿಗಾಲ ಹಾಗೇ ಕಳೆದುಹೋಗುತ್ತೆ. ಎರಡೆರಡು ಸೆಟ್ ಟೈರು ಇಟ್ಕೊಳ್ಳೋಕೆ ಆಗದೇ ಇದ್ರೆ ಬೆಟ್ಟದ ಗುರುತಿರೋ ಆಲ್ ವೆದರ್ ಟೈರಾದ್ರೂ ಹಾಕು. ವಿಂಟರ್ ಟೈರಿನಷ್ಟಲ್ಲ, ಆದ್ರೆ ವರ್ಷವಿಡೀ ನಡೆಯುತ್ತೆ."

ಅವನು ಸೆಡಾನಿನ ಬಾಗಿಲು ತೆಗೆದು ಚಾಲಕನ ಬದಿಯ ಕಂಬದ ಮೇಲಿದ್ದ ಚೀಟಿಯ ಫೋಟೊ ತೆಗೆದುಕೊಂಡ. ಅದರಲ್ಲಿ ಟೈರಿನ ಅಳತೆಯೂ ಗಾಳಿಯ ಒತ್ತಡವೂ ಇತ್ತು. ನವೆಂಬರ್ ನಡುವಿಗೆ ಮೊದಲ ಹಿಮ ಬೀಳುವ ಸುದ್ದಿ ಬಂದರೆ ಟೈರು ಅಂಗಡಿಗಳ ಮುಂದೆ ಸಾಲು ನಿಲ್ಲುತ್ತದೆ, ಬೇಕಾದ ಅಳತೆ ಸಿಗುವುದಿಲ್ಲ. ಸೋಮವಾರ ಪಾಳಿ ಮುಗಿದ ಕೂಡಲೇ ಫೋನ್ ಮಾಡುವುದೆಂದು ತೀರ್ಮಾನವಾಯಿತು.

"ಬಿಚ್ಚಿದ ಟೈರು ಎಲ್ಲಿಡೋದು ಅಕ್ಕ? ಮೂರನೇ ಮಹಡಿ ಮನೆ, ಬಾಲ್ಕನಿಯಲ್ಲಿ ಇಡಬಾರದು ಅಂತ ನಿಯಮ."

"ಅಂಗಡಿಯವರು ಬಾಡಿಗೆಗೆ ಇಟ್ಕೋತಾರೆ. ಅದೆಲ್ಲ ಯಾಕೆ, ಇಲ್ಲಿಗೇ ತಂದು ಹಾಕು, ಆ ಮೂಲೆ ಖಾಲಿಯಿದೆ. ತರೋ ಮೊದಲು ಒಂದೊಂದರ ಮೇಲೂ ಸೀಮೆಸುಣ್ಣದಲ್ಲಿ ಬರೀ, ಯಾವುದು ಮುಂದೆ ಎಡಗಡೆ, ಯಾವುದು ಹಿಂದೆ ಬಲಗಡೆ ಅಂತ. ಅಷ್ಟು ಸವೆದಿವೆಯಲ್ಲ, ಏಪ್ರಿಲ್‌ಗೆ ಅವನ್ನ ವಾಪಸ್ ಹಾಕೋದೋ, ಹೊಸದು ತರೋದೋ ಅಂತ ಆಗ ಮತ್ತೆ ಕ್ವಾರ್ಟರ್ ಇಟ್ಟು ನೋಡೋಣ."